ದೂರು ಪರಿಹಾರವಾಗಿದೆ, ಹೊಗೆ ಹಾಗೇ ಇದೆ

ಮನುಷ್ಯನಿಗೆ ಐವತ್ತೈದು ದಾಟಿದ ಮೇಲೆ ಮನೆಗೆ ಹೊಸದಾಗಿ ಬರುವುದೆಲ್ಲ ಅಳೆಯುವ ಯಂತ್ರಗಳೇ. ಟಿವಿ, ಫ್ರಿಜ್ಜು, ಮಿಕ್ಸಿಗಳ ಕಾಲ ಮುಗಿದಿರುತ್ತದೆ. ಮೊದಲು ಬಿಪಿ ನೋಡುವುದು ಬರುತ್ತದೆ, ಅದರ ಹಿಂದೆಯೇ ಶುಗರ್ ನೋಡುವುದು, ಆಮೇಲೆ ಬೆರಳಿಗೆ ಕಚ್ಚಿಸಿ ಆಕ್ಸಿಜನ್ ನೋಡುವುದು. ಬಸವೇಶ್ವರನಗರದ ನಮ್ಮ ಮನೆಯಲ್ಲಿ ಇವೆಲ್ಲ ಶೋಕೇಸಿನೊಳಗೆ, ಮಗಳು ಹೈಸ್ಕೂಲಿನಲ್ಲಿ ಗೆದ್ದ ಥ್ರೋಬಾಲ್ ಕಪ್ಪಿನ ಪಕ್ಕ ಕೂತಿವೆ. ನನಗೆ ಇವುಗಳ ಮೇಲೆ ವಿಪರೀತ ಪ್ರೀತಿ. ರಾಜಾಜಿನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುವವನು ನಾನು; ಅಳೆದದ್ದು ಮಾತ್ರ ನಿಜ, ಮಿಕ್ಕದ್ದು ಬಾಯಿಮಾತು ಎನ್ನುವುದು ರಕ್ತದಲ್ಲಿ ಸೇರಿಹೋಗಿದೆ. ಮನೆಗೆ ಬಂದ ನೆಂಟರಿಗೆ ಕಾಫಿ ಬರುವ ಮೊದಲೇ ತೋಳಿಗೆ ಬಿಪಿ ಪಟ್ಟಿ ಸುತ್ತುತ್ತೇನೆಂದು ನನ್ನ ಹೆಂಡತಿ ಸರೋಜಳಿಗೆ ಮಹಾ ನಾಚಿಕೆ.

ಸರೋಜಳಿಗೆ ಉಬ್ಬಸ ಇದೆ. ಹಳೆಯ ಕಾಯಿಲೆ, ಅವಳು ಅದರ ಜೊತೆ ಒಂದು ರೀತಿ ರಾಜಿಯಾಗಿ ಬದುಕುತ್ತಿದ್ದಾಳೆ. ರಾಜಿಯಾಗದವನು ನಾನು. ಇದನ್ನು ಬಲ್ಲ ಮಗಳು ಹೋದ ಚಳಿಗಾಲದಲ್ಲಿ ನಂದಿನಿ ಲೇಔಟಿನಿಂದ ಬರುವಾಗ ಒಂದು ಪುಟ್ಟ ಡಬ್ಬಿ ತಂದಳು. ಗಾಳಿ ಅಳೆಯುವ ಯಂತ್ರ. ಗಾಳಿ ಚೆನ್ನಾಗಿದ್ದರೆ ಹಸಿರು ದೀಪ, ಸುಮಾರಾಗಿದ್ದರೆ ಹಳದಿ, ಕೆಟ್ಟರೆ ಕೆಂಪು; ದಿನದ ಲೆಕ್ಕ ಗ್ರಾಫಾಗಿ ಫೋನಿಗೂ ಬರುತ್ತದೆ. "ಅಮ್ಮನಿಗೆ ಉಪಯೋಗ ಆಗುತ್ತೆ ಅಪ್ಪ, ನೀವು ಮಾತ್ರ ಇದರ ಮುಂದೇನೇ ಕೂತ್ಕೋಬೇಡಿ," ಎಂದು ಹೇಳಿ ಹೋದಳು. ನಾನು ಅದರ ಮುಂದೆಯೇ ಕೂತೆ. ಕ್ರಿಕೆಟ್ ಸ್ಕೋರು ಹೇಳುವ ಹಾಗೆ ಅಡುಗೆಮನೆಗೆ ಕೇಳುವಂತೆ ಹೇಳುತ್ತಿದ್ದೆ: "ಸರೋಜಾ, ಹಳದಿಗೆ ಬಂತು! ಸರೋಜಾ, ಕೆಂಪು!"

"ಗಾಳಿ ಕೆಟ್ಟಿದೆ ಅಂತ ನನ್ನ ಎದೆ ಆಗ್ಲೇ ಹೇಳ್ತು ರೀ. ಈಗೇನು, ಉಸಿರಾಡೋದು ನಿಲ್ಲಿಸ್ಲಾ?" ಎನ್ನುತ್ತಿದ್ದಳು ಅವಳು. ಇದಕ್ಕೆ ಡಬ್ಬಿಯ ಜೊತೆ ಬಂದಿದ್ದ ಪುಸ್ತಕದಲ್ಲಿ ಉತ್ತರವಿರಲಿಲ್ಲ.

ಆದರೆ ಬೆಳಗಿನ ಕೆಂಪು ದೀಪಕ್ಕೆ ಕಾರಣ ಹುಡುಕಲು ಯಂತ್ರವೇನೂ ಬೇಕಿರಲಿಲ್ಲ. ಎದುರಿನ ಖಾಲಿ ಸೈಟಿನಲ್ಲಿ ಹನುಮಕ್ಕ ಒಣಗಿದೆಲೆ ಗುಡ್ಡೆ ಹಾಕಿ ಬೆಂಕಿ ಇಡುತ್ತಿದ್ದಳು. ಆ ಸೈಟು ಅವಳದೇ. ನಮ್ಮ ಬೀದಿಯೆಲ್ಲ ಒಂದು ಕಾಲಕ್ಕೆ ಅವಳ ಮಾವನ ರಾಗಿ ಹೊಲವಂತೆ. ಎಪ್ಪತ್ತು ದಾಟಿದ ಹೆಂಗಸು, ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತರೆ ಹಾಲಿನವನೂ ಸೈಕಲ್ಲಿನಿಂದ ಇಳಿದು ಹೋಗುತ್ತಾನೆ. ಅವಳಿಗೆ ಹೋಗಿ "ಬೆಂಕಿ ಹಾಕ್ಬೇಡಿ" ಎನ್ನುವ ಧೈರ್ಯ ನನಗಿರಲಿಲ್ಲ. ಧೈರ್ಯ ಇಲ್ಲದವರಿಗಾಗಿಯೇ ಈಗ ದೂರು ಕೊಡುವ ಆಪ್ ಇದೆಯಲ್ಲ! ಪರದೆಯ ಹಿಂದೆ ನಿಂತು ಹೊಗೆಯ ಫೋಟೋ ತೆಗೆದೆ, ಕಳಿಸಿದೆ. ಮಾರನೇ ದಿನವೇ ಉತ್ತರ ಬಂತು: "ನಿಮ್ಮ ದೂರು ಪರಿಹಾರವಾಗಿದೆ." ಜೊತೆಗೆ ಒಂದು ಫೋಟೋ. ಆ ಸೈಟು, ಒಂದು ಗುಡ್ಡೆ ಬೂದಿ. ಹೊಗೆ ಇಲ್ಲ. ಫೋಟೋದಲ್ಲಿ ಸುಳ್ಳೇನೂ ಇರಲಿಲ್ಲ. ನನಗೆ ಸರ್ಕಾರದ ಮೇಲೆ ಹೆಮ್ಮೆ ಉಕ್ಕಿ ಬಂದು ಆಪ್‌ಗೆ ಐದು ನಕ್ಷತ್ರ ಕೊಟ್ಟೆ. ಅದರ ಮಾರನೇ ಬೆಳಿಗ್ಗೆ ಮತ್ತೆ ಹೊಗೆ. ನಾನು ಮತ್ತೆ ದೂರು. ಮತ್ತೆ ಪರಿಹಾರ.

ಹೀಗೆ ನಡೆದಿರುವಾಗ ಒಂದು ದಿನ ಬೆಳಿಗ್ಗೆ ಸರೋಜಳಿಗೆ ಉಬ್ಬಸ ಜೋರಾಯಿತು. ಇನ್ಹೇಲರಿನ ಪಫ್ ಎಳೆದುಕೊಂಡರೂ ತಗ್ಗಲಿಲ್ಲ. ಮಂಚದ ಅಂಚು ಹಿಡಿದು ಬಗ್ಗಿ ಕೂತಿದ್ದಾಳೆ, ಎದೆಯಿಂದ ಸೀಟಿ ಹೊಡೆದ ಹಾಗೆ ಸದ್ದು ಬರುತ್ತಿದೆ. ನಾನೋ, ಶೋಕೇಸಿಗೆ ಓಡಿ ಬೆರಳಿಗೆ ಹಾಕುವ ಯಂತ್ರ ತಂದೆ. ಅದು ಹತ್ತಲಿಲ್ಲ. ಟಿವಿ ರಿಮೋಟಿನ ಶೆಲ್ಲು ಕಿತ್ತು ಹಾಕಿದೆ. ನಂಬರ್ ಬಂತು, ಹೋಯಿತು. ಬೆರಳು ತಣ್ಣಗಿದೆಯೇನೋ ಎಂದು ಉಜ್ಜಿ ಇನ್ನೊಂದು ಬೆರಳಿಗೆ ಹಾಕಿದೆ. ಸರೋಜ ಕೈ ಕಿತ್ತುಕೊಂಡು, ಒಂದೊಂದೇ ಪದ ಜೋಡಿಸಿ ಹೇಳಿದಳು: "ಬೆರಳು... ಬಿಡ್ರೀ... ಆಟೋ ಕರೀರಿ."

ಆಟೋದಲ್ಲಿ ಅವಳ ತಲೆ ನನ್ನ ಹೆಗಲ ಮೇಲಿತ್ತು. ಅಳೆಯಲು ಕೈಯಲ್ಲಿ ಏನೂ ಇರಲಿಲ್ಲ. ಹಿಂದೆಂದೂ ಅಷ್ಟು ಹೆದರಿದ್ದು ನನಗೆ ನೆನಪಿಲ್ಲ.

ನಮ್ಮ ಡಾಕ್ಟರಮ್ಮ ನೆಬುಲೈಸರ್ ಹಾಕಿ ಕೂರಿಸಿದ ಮೇಲೆ ಉಸಿರು ನಿಧಾನಕ್ಕೆ ಹದಕ್ಕೆ ಬಂತು. ನಾನು ಸಂಕೋಚದಿಂದಲೇ ಗಾಳಿ ಯಂತ್ರದ ಗ್ರಾಫನ್ನು ಫೋನಿನಲ್ಲಿ ತೋರಿಸಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಆಕೆ ಕನ್ನಡಕ ಏರಿಸಿಕೊಂಡು ನಿಜವಾಗಿಯೂ ನೋಡಿದರು. "ಇದು ಒಳ್ಳೇದು ಮಾಡಿದ್ರಿ. ಹೊಗೆ ಆದ ದಿನಾನೇ ಉಬ್ಬಸ ಜಾಸ್ತಿ ಆಗ್ತಿದೆ ಅಂತ ಗೊತ್ತಾಯ್ತು," ಎಂದು ಔಷಧಿಯ ಹೊತ್ತು ಬದಲಾಯಿಸಿ ಬರೆದರು. ಆಮೇಲೆ, "ನಾನು ಎದೆಗೆ ಔಷಧಿ ಕೊಡಬಹುದು. ಬೀದಿಗೆ ನೀವೇ ಏನಾದ್ರೂ ಮಾಡ್ಬೇಕು," ಎಂದರು.

"ಇನ್ನೊಂದು ದೂರು ಹಾಕ್ತೀನಿ," ಎಂದೆ ನಾನು. ಸರೋಜ ಎರಡು ದಿನ ಸುಧಾರಿಸಿಕೊಂಡು, ಸಂಜೆ ಚಪ್ಪಲಿ ಮೆಟ್ಟಿ ಸೀದಾ ಹನುಮಕ್ಕನ ಮನೆಗೆ ಹೊರಟಳು. ನಾನು ಹಿಂದೆ ಹಿಂದೆ ಹೋದೆ.

"ಹನುಮಕ್ಕ, ಹೊಗೆಗೆ ನಂಗೆ ಉಸಿರು ಕಟ್ಟುತ್ತೆ. ಮೊನ್ನೆ ಆಸ್ಪತ್ರೆಗೆ ಹೋಗೋ ಹಾಗಾಯ್ತು," ಎಂದಳು ಸರೋಜ, ಅಷ್ಟೇ.

ಹನುಮಕ್ಕ ಕೈಯಲ್ಲಿದ್ದ ಅವರೆಕಾಯಿ ಮೊರ ಕೆಳಗಿಟ್ಟಳು. "ಅಯ್ಯೋ ನಮ್ಮವ್ವ! ನಿಂಗೆ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು? ಒಂದ್ ಮಾತು ಬಂದು ಹೇಳೋದಲ್ವಾ?" ಎಂದು ನನ್ನ ಮುಖ ನೋಡಿದಳು. ನಾನು ಅವಳ ತುಳಸಿಗಿಡವನ್ನು ನೋಡಿದೆ. "ನಾನೇನು ಖುಷಿಗೆ ಬೆಂಕಿ ಹಾಕ್ತೀನಾ? ಎಲೆ ಗುಡ್ಡೆ ಬಿದ್ದು ಸೊಳ್ಳೆ ಆಗಿ ನಮ್ಮೆಜಮಾನ್ರು ಜ್ವರ ಬಂದು ಮಲಗವ್ರೆ. ಎತ್ಕೊಂಡ್ ಹೋಗಿ ಅಂತ ನಾವೂ ಕಂಪ್ಲೇಂಟ್ ಕೊಟ್ಟೀವಿ. ಏ ಶಿಲ್ಪಾ, ಫೋನ್ ತಗೊಂಡ್ ಬಾರೇ!"

ಸೊಸೆ ಶಿಲ್ಪಾ ಫೋನ್ ತಂದಳು. ಅದೇ ಆಪ್. ಎಲೆ ತೆಗೆಸಿ ಎಂದು ಅವರ ದೂರು. "ನಿಮ್ಮ ದೂರು ಪರಿಹಾರವಾಗಿದೆ." ಕೆಳಗೆ ಫೋಟೋ: ಒಂದು ಗುಡ್ಡೆ ಬೂದಿ. ನನ್ನ ಫೋನನ್ನು ಪಕ್ಕಕ್ಕೆ ಹಿಡಿದೆ. ಒಂದೇ ಫೋಟೋ. ಹನುಮಕ್ಕ ಸುಟ್ಟದ್ದರಿಂದ ಎಲೆ ಇಲ್ಲವಾಗಿ ಅವಳ ದೂರು ಪರಿಹಾರ. ಸುಟ್ಟು ಮುಗಿದದ್ದರಿಂದ ಹೊಗೆ ಇಲ್ಲವಾಗಿ ನನ್ನ ದೂರು ಪರಿಹಾರ. ಸರೋಜ ನಗಲು ಶುರುಮಾಡಿದಳು. ನಗು ಕೆಮ್ಮಾಯಿತು. ಹನುಮಕ್ಕ ಅವಳ ಬೆನ್ನು ಸವರುತ್ತಾ ತಾನೂ ನಕ್ಕಳು.

ಮಾರನೇ ದಿನ ನಾನು, ಸರೋಜ, ಹನುಮಕ್ಕ ಮೂವರೂ ವಾರ್ಡ್ ಆಫೀಸಿಗೆ ಹೋದೆವು. ಅಲ್ಲಿದ್ದ ಎಂಜಿನಿಯರ್ ನಿದ್ದೆಗೆಟ್ಟ ಕಣ್ಣಿನವನು. ಎರಡು ಫೋನುಗಳನ್ನೂ ನೋಡಿ ಅವನ ಮುಖ ಚಿಕ್ಕದಾಯಿತು. "ಸಾರ್, ದೂರು ಬೇಗ ಕ್ಲೋಸ್ ಮಾಡ್ದೆ ಇದ್ರೆ ನನ್ನ ಹೆಸರು ಮೇಲಿನೋರ ಕಂಪ್ಯೂಟರಲ್ಲಿ ಕೆಂಪಗೆ ಬರುತ್ತೆ. ಎಲೆ ತಗೊಂಡ್ ಹೋಗೋ ಗಾಡಿ ಇಡೀ ವಾರ್ಡಿಗೆ ಒಂದೇ, ಅದೂ ಗ್ಯಾರೇಜಲ್ಲಿದೆ," ಎಂದ. ಪಾಪ, ಅವನ ತಲೆಯ ಮೇಲೂ ಒಂದು ಕೆಂಪು ದೀಪ. ಜಗಳಕ್ಕೆಂದು ಹೋದ ನಮಗೆ ಜಗಳವಾಡಲು ಮನಸ್ಸು ಬರಲಿಲ್ಲ. ಶನಿವಾರ ಗಾಡಿ ಕಳಿಸುತ್ತೇನೆಂದು ಮಾತು ಕೊಟ್ಟ, ಕಳಿಸಿದ ಕೂಡ. ಈಗಲೂ ಒಮ್ಮೊಮ್ಮೆ ಬರುತ್ತದೆ. ಬಾರದ ವಾರಗಳಿಗೆಂದು ಹನುಮಕ್ಕ ಸೈಟಿನ ಮೂಲೆಯಲ್ಲಿ ಗೊಬ್ಬರದ ಗುಂಡಿ ತೆಗೆಸಿದಳು. "ಮೊದಲೇ ತೆಗಿಸ್ತಿದ್ದೆ. ವಾಸನೆ ಅಂತ ಯಾರಾದ್ರೂ ಕಂಪ್ಲೇಂಟ್ ಕೊಟ್ಟಾರು ಅಂತ ಸುಮ್ನಿದ್ದೆ," ಎಂದು ಮತ್ತೆ ನನ್ನ ಮುಖ ನೋಡಿದಳು.

ಬೆಂಕಿ ನಿಂತಿತು. ಸರೋಜಳ ಬೆಳಗುಗಳು ಎಷ್ಟೋ ಹಗುರಾದವು. ಆದರೂ ದಿನಾ ಎಂಟೂವರೆ ಸುಮಾರಿಗೆ ಡಬ್ಬಿ ಕೆಂಪಗಾಗುತ್ತಿತ್ತು. ಒಗ್ಗರಣೆ ಎಂದೆ, ಊದುಬತ್ತಿ ಎಂದೆ. ಸರೋಜ ಕೇಳಿದಳು: "ಭಾನುವಾರ ಯಾಕ್ರೀ ಬರಲ್ಲ?" ಎಂಟೂವರೆಗೆ ನಾನು ಕಾರ್ಖಾನೆಗೆ ಹೊರಡುವುದು. ನನ್ನ ಹಳೆಯ ಸ್ಕೂಟರು ಕಿಟಕಿಯ ಕೆಳಗೆ ಒಂದಷ್ಟು ಹೊತ್ತು ನೀಲಿ ಹೊಗೆ ಕಾರಿ ಬಿಸಿಯಾಗದೆ ಹೊರಡುವುದಿಲ್ಲ.

ಈಗ ಅದನ್ನು ಪಾರ್ಕಿನ ತಿರುವಿನವರೆಗೂ ತಳ್ಳಿಕೊಂಡು ಹೋಗಿ ಸ್ಟಾರ್ಟ್ ಮಾಡುತ್ತೇನೆ. ನೋಡಿದವರು "ಏನ್ ಸಾರ್, ಪೆಟ್ರೋಲ್ ಖಾಲಿನಾ?" ಎನ್ನುತ್ತಾರೆ. ಇಷ್ಟೆಲ್ಲ ಪುರಾಣ ಹೇಳಲು ನಾಚಿಕೆಯಾಗಿ "ಹೂಂ" ಎನ್ನುತ್ತೇನೆ. ಮೊನ್ನೆ ಹಿಂದಿನ ಬೀದಿಯ ಪುಣ್ಯಾತ್ಮರೊಬ್ಬರು ಬೈಕ್ ನಿಲ್ಲಿಸಿ, "ಸ್ಕೂಟರ್ ಮೇಲೆ ಕೂತ್ಕೊಳ್ಳಿ ಸಾರ್," ಎಂದು, ನಾನು ಎಷ್ಟು ಬೇಡವೆಂದರೂ ಕೇಳದೆ, ಹಿಂದಿನಿಂದ ಕಾಲು ಕೊಟ್ಟು ತಳ್ಳಿಕೊಂಡು ಸೀದಾ ಬಂಕಿಗೇ ಮುಟ್ಟಿಸಿದರು. ಬಂಕಿನವನು ಮುಚ್ಚಳ ತೆಗೆದ. ಪೆಟ್ರೋಲು ಕುತ್ತಿಗೆವರೆಗೂ ತುಳುಕುತ್ತಿತ್ತು. ಇಬ್ಬರೂ ನನ್ನನ್ನು ನೋಡಿದರು. ನಾನೂ ಬಗ್ಗಿ, ಬಹಳ ಆಶ್ಚರ್ಯದಿಂದ, ಟ್ಯಾಂಕಿನೊಳಗೆ ನೋಡಿದೆ.