ನನ್ನ ಐದು ಸಾವಿರ ವರ್ಷದ ಕಲ್ಲು

ಕೆಲವರಿಗೆ ಸಿಹಿತಿಂಡಿಯ ಅಂಗಡಿ ಕಂಡರೆ ಕಾಲು ತಾನಾಗಿ ನಿಲ್ಲುತ್ತದೆ. ನನ್ನ ಕಾಲು ನಿಲ್ಲುವುದು ಅಗೆದ ಗುಂಡಿಯ ಮುಂದೆ. ನೀರಿನ ಪೈಪಿಗೋ, ಕೇಬಲ್ಲಿಗೋ, ಅಪಾರ್ಟ್‌ಮೆಂಟಿನ ಪಾಯಕ್ಕೋ ಯಾರಾದರೂ ನೆಲ ಅಗೆದಿದ್ದಾರೆ ಎಂದರೆ ಸಾಕು, ಬಗ್ಗಿ ನೋಡದೆ ಮುಂದೆ ಹೋಗುವುದು ನನ್ನಿಂದಾಗದು. ಕೆ.ಆರ್. ಪುರದಲ್ಲಿ ಮನೆ ಇರುವವನಿಗೆ ಗುಂಡಿಗಳ ಬರವೂ ಇಲ್ಲ. ಒಮ್ಮೆ ಮಹದೇವಪುರದಲ್ಲಿ ಹೀಗೆ ಬಗ್ಗಿ ನಿಂತಿದ್ದಾಗ ವಾಚ್‌ಮನ್ ಒಬ್ಬ ಓಡಿಬಂದು, "ಏನ್ ಸಾರ್, ಮೊಬೈಲ್ ಬಿತ್ತಾ?" ಎಂದು ಕೇಳಿದ. "ಇಲ್ಲಪ್ಪ, ಗಂಗರ ಕಾಲದ್ದು ಏನಾದ್ರೂ ಸಿಗುತ್ತಾ ಅಂತ ನೋಡ್ತಿದ್ದೆ" ಎಂದೆ. ಪಾಪ, ಅವನು ಎರಡು ಹೆಜ್ಜೆ ಹಿಂದಕ್ಕೆ ಸರಿದು, ಆಮೇಲೆ ನನ್ನ ಜೊತೆ ಬಹಳ ಮೃದುವಾಗಿ ಮಾತಾಡಿದ.

ಈ ಹುಚ್ಚು ಹಿಡಿದದ್ದು ನಾಲ್ಕನೇ ಕ್ಲಾಸಿನಲ್ಲಿ. ನಮ್ಮ ಮೇಷ್ಟ್ರು ಮಕ್ಕಳನ್ನೆಲ್ಲ ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಮ್ಯೂಸಿಯಂ ತೋರಿಸಿದರು. ಉಳಿದ ಹುಡುಗರು ಕತ್ತಿ, ಫಿರಂಗಿಗಳ ಮುಂದೆ ಮುಗಿಬಿದ್ದರು. ನಾನು ಮಾತ್ರ ಒಂದು ಒಡಕು ಮಡಕೆಯ ಎದುರು ಸಿಕ್ಕಿಹಾಕಿಕೊಂಡೆ. ಅದರ ಕಂಠದ ಮೇಲೆ ಒಂದು ಹೆಬ್ಬೆರಳಿನ ಗುರುತು ಇತ್ತು. ಮಣ್ಣು ಹಸಿಯಾಗಿದ್ದಾಗ ಯಾರೋ ಒತ್ತಿದ್ದು. ಸಾವಿರಾರು ವರ್ಷದ ಹಿಂದೆ ಒಂದು ಬೆಳಿಗ್ಗೆ ಒಬ್ಬ ಗಂಡಸೋ ಹೆಂಗಸೋ ಹೀಗೆ ಒತ್ತಿದ್ದಾರೆ, ಅವರ ಹೆಸರಿಲ್ಲ, ಊರಿಲ್ಲ, ಹೆಬ್ಬೆರಳು ಮಾತ್ರ ಉಳಿದಿದೆ ಎಂದು ಅನ್ನಿಸಿ ನನ್ನ ಕಣ್ಣಲ್ಲಿ ನೀರು ಬಂತು. ಬಸ್ಸಿಗೆ ತಡವಾಯಿತೆಂದು ಮೇಷ್ಟ್ರು ಕಿವಿ ಹಿಂಡಿದ್ದರಿಂದ ಬಂದ ನೀರು ಅದು ಎಂದು ಗೆಳೆಯರು ಈಗಲೂ ಹೇಳುತ್ತಾರೆ. ಅಂತೂ ಅವತ್ತಿನಿಂದ ಇವತ್ತಿನವರೆಗೆ, ಯಾರದೋ ಕೈ ತಾಗಿ ಸವೆದ ಹಳೆಯ ವಸ್ತು ಕಂಡರೆ ನನ್ನ ಎದೆ ಒದ್ದೆಯಾಗುತ್ತದೆ. ಹೊಟ್ಟೆಪಾಡಿಗೆ ಮಾಡಿದ್ದು ಮಾತ್ರ ಬೇರೆ ಕೆಲಸ. ಸರ್ಕಾರಿ ಕಾರ್ಖಾನೆಯೊಂದರ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಮೂವತ್ತೈದು ವರ್ಷ ಕೂತು, ಬಂದ ಬಿಡಿಭಾಗಗಳನ್ನೆಲ್ಲ ಅಳೆದು, ಕೂದಲೆಳೆಯಷ್ಟು ಹೆಚ್ಚುಕಡಿಮೆ ಕಂಡರೂ ವಾಪಸ್ ಕಳಿಸುತ್ತಿದ್ದೆ. ನನ್ನ ಕಣ್ಣು ತಪ್ಪಿಸಿ ಏನೂ ಹೋಗಲಾರದು ಎಂಬ ಹೆಸರಿತ್ತು. ಆ ಹೆಸರನ್ನು ನಾನೂ ನಂಬಿದ್ದೆ.

ನನ್ನ ಸಂಗ್ರಹದ ಬಗ್ಗೆ ನನ್ನ ಹೆಂಡತಿ ಸರೋಜಾಳಿಗೆ ಒಳ್ಳೆಯ ಅಭಿಪ್ರಾಯವಿಲ್ಲ. "ಒಡೆದ ಮಡಕೆ ಮನೇಲಿ ಇಡಬಾರ್ದು ಅಂತ ಎಲ್ರೂ ಆಚೆ ಎಸೀತಾರೆ. ನೀವು ಅದನ್ನೇ ಹುಡುಕಿ ಒಳಗೆ ತರ್ತೀರಲ್ಲ ರೀ" ಎನ್ನುತ್ತಾಳೆ. ಒಮ್ಮೆ ಕಮ್ಮನಹಳ್ಳಿಯಲ್ಲಿ ಚರಂಡಿ ಅಗೆದಿದ್ದ ಮಣ್ಣಿನಲ್ಲಿ ಕೆಂಪು ಮಡಕೆಯ ಚೂರು ಸಿಕ್ಕಿತು. ಮೇಲೆ ಅಕ್ಷರಗಳೂ ಇದ್ದವು! ಮೂರು ದಿನ ಸರಿಯಾಗಿ ಊಟ ಸೇರಲಿಲ್ಲ. ಕುಕ್ ಟೌನಿನಲ್ಲಿದ್ದ ಪರಿಚಯದ ಇತಿಹಾಸದ ಮೇಷ್ಟ್ರೊಬ್ಬರ ಬಳಿಗೆ ಹತ್ತಿಯಲ್ಲಿ ಸುತ್ತಿಕೊಂಡು ಹೋದೆ. ಅವರು ಕನ್ನಡಕ ಸರಿಮಾಡಿಕೊಂಡು ನೋಡಿ, ಕಾಫಿ ಕೊಟ್ಟು, ನಾನು ಕಾಫಿ ಕುಡಿದು ಮುಗಿಸುವವರೆಗೆ ಕಾದು, ಆಮೇಲೆ ತಮ್ಮ ಬಂಗಲೆಯ ಮಾಡಿನ ಕಡೆ ಬೆರಳು ತೋರಿಸಿದರು. ಅಲ್ಲಿ ಸಾಲುಸಾಲಾಗಿ ಅದೇ ಅಕ್ಷರಗಳ ಹೆಂಚುಗಳಿದ್ದವು. ಆ ಚೂರನ್ನು ಎಸೆಯಲು ಮನಸ್ಸಾಗದೆ ಇನ್ನೂ ಇಟ್ಟುಕೊಂಡಿದ್ದೇನೆ. ಹೆಂಚನ್ನೂ ಯಾರದೋ ಕೈಯೇ ತಾನೇ ಮಾಡಿದ್ದು?

ಮೂರು ವರ್ಷದ ಹಿಂದೆ, ರಿಟೈರ್ ಆಗುವುದಕ್ಕೆ ಕೆಲವು ತಿಂಗಳಿದ್ದಾಗ, ಅಪ್ಪ ಕಟ್ಟಿಸಿದ್ದ ಮನೆಯನ್ನು ರಿಪೇರಿ ಮಾಡಿಸಿದೆವು. ಮೇಲೊಂದು ರೂಮು ಎಬ್ಬಿಸಿ, ಅದರಲ್ಲಿ ಗಾಜಿನ ಬೀರು ಇಡಿಸಿ, ನನ್ನ ಸಂಗ್ರಹವನ್ನೆಲ್ಲ ಜೋಡಿಸಿದೆ. ಹಿತ್ತಲಿಗೆ ಸಿಮೆಂಟು ಹಾಕಿಸಿ ಕಾರು ನಿಲ್ಲಿಸಲು ಜಾಗ ಮಾಡಿಸಿದೆವು. ಹಳೆಯ ಬಾಗಿಲು, ಕಿಟಕಿ, ತುಕ್ಕು ಹಿಡಿದ ಕಂಬಿ ಇವನ್ನೆಲ್ಲ ಸಾಗಿಸಲು ಶಿವಾಜಿನಗರದಿಂದ ಅನ್ವರ್ ಭಾಯಿ ಟೆಂಪೊ ತಂದಿದ್ದರು. ಗುಜರಿ ಅಂಗಡಿಯ ಈ ಭಾಯಿಗೂ ನನಗೂ ಇಪ್ಪತ್ತು ವರ್ಷದ ಸ್ನೇಹ. ಭಾನುವಾರ ಅವರ ಅಂಗಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು ರಾಶಿ ಕೆದಕುವುದು ನನಗೆ ದೇವಸ್ಥಾನಕ್ಕೆ ಹೋಗಿಬಂದ ಹಾಗೆ. ಅವತ್ತು ನಾನು ಒಳಗೆ ಕೂತು ನನ್ನ ಮಡಕೆ ಚೂರುಗಳನ್ನು ಒಂದೊಂದಾಗಿ ಪೇಪರಿನಲ್ಲಿ ಸುತ್ತುತ್ತಿದ್ದೆ. ಭಾಯಿ ಬಾಗಿಲಲ್ಲಿ ನಿಂತು, "ಸಾಬ್, ಹಿಂದ್ಗಡೆ ಇರೋದು?" ಎಂದು ಕೇಳಿದರು. ನಾನು ತಲೆ ಎತ್ತದೆ, "ಎಲ್ಲಾ ತಗೊಂಡ್ಹೋಗಿ ಭಾಯಿ" ಎಂದೆ. ಈ ಮಾತನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ನಾನಂತೂ ಮರೆತುಬಿಟ್ಟೆ.

ಇದಾಗಿ ಒಂದು ವರ್ಷಕ್ಕೆ ಭಾಯಿಯ ಅಂಗಡಿಯಲ್ಲಿ, ಫ್ಯಾನಿನ ರೆಕ್ಕೆಗಳ ಅಡಿಯಲ್ಲಿ ನನಗೊಂದು ಕಲ್ಲು ಸಿಕ್ಕಿತು. ಎರಡು ಕೈಯಲ್ಲಿ ಹಿಡಿಯುವಷ್ಟು ದಪ್ಪ, ಮೊಟ್ಟೆಯಂತೆ ನುಣುಪು, ಒಂದು ಪಕ್ಕದಲ್ಲಿ ಚಕ್ಕೆ ಹಾರಿದ ಗುರುತು. ಕಣ್ಣಲ್ಲಿ ನೀರಾಡಿತು. ಪುಸ್ತಕಗಳಲ್ಲಿ ನೋಡಿದ್ದ ನವಶಿಲಾಯುಗದ ಅರೆಯುವ ಕಲ್ಲೇ ಸರಿ! ಮುಖದಲ್ಲಿ ಏನೂ ತೋರಿಸಿಕೊಳ್ಳದೆ, "ಇದನ್ನೊಂದು ತಗೊಳ್ಳಲಾ ಭಾಯಿ?" ಎಂದೆ. ಭಾಯಿ ಕಲ್ಲನ್ನೂ ನನ್ನನ್ನೂ ಒಂದು ಗಳಿಗೆ ನೋಡಿ, ನಕ್ಕು, "ತಗೊಳ್ಳಿ ಸಾಬ್, ನಿಮ್ದೇ ಅಲ್ವಾ" ಎಂದರು. ಕಾಸು ಕೊಡಲು ಹೋದರೆ ಮುಟ್ಟಲಿಲ್ಲ. ಪಾಪ, ಇದರ ಬೆಲೆ ಇವರಿಗೆ ಗೊತ್ತಿಲ್ಲವಲ್ಲ ಎಂದು ಮರುಗುತ್ತಾ, ಒಳಗೊಳಗೇ ಕುಣಿಯುತ್ತಾ ಮನೆಗೆ ಬಂದೆ. ಬೀರುವಿನ ನಡುವಿನ ಹಲಗೆಯಲ್ಲಿ ಅದನ್ನಿಟ್ಟು, ದುಂಡಗಿನ ಅಕ್ಷರದಲ್ಲಿ ಚೀಟಿ ಬರೆದೆ: "ನವಶಿಲಾಯುಗ. ಸುಮಾರು ಐದು ಸಾವಿರ ವರ್ಷ ಹಳೆಯದು. ದಯವಿಟ್ಟು ಮುಟ್ಟಬೇಡಿ." ಮನೆಗೆ ಬಂದವರನ್ನೆಲ್ಲ ಮೇಲೆ ಕರೆದುಕೊಂಡು ಹೋಗಿ ಭಾಷಣ ಮಾಡಿದೆ. "ನೋಡಿ, ಈ ನುಣುಪು ಇದೆಯಲ್ಲ, ಇದು ಸುಮ್ನೆ ಬಂದದ್ದಲ್ಲ. ಯಾರೋ ಒಬ್ಬ ತಾಯಿ ಮಕ್ಕಳಿಗೆ ಊಟಕ್ಕಿಡೋಕೆ ದಿನಾ ಅರೆದು ಅರೆದು ಬಂದದ್ದು. ಇಲ್ಲಿ ಚಕ್ಕೆ ಹಾರಿದೆಯಲ್ಲ, ಇದು ಆದಿಮಾನವನ ಕೈಗುರುತು!" ಹೇಳುವಾಗ ಪ್ರತಿಸಲವೂ ನನ್ನ ಕೈ ಕರ್ಚೀಫಿಗೆ ಹೋಗುತ್ತಿತ್ತು. ಬಂದವರು ಗಡಿಯಾರ ನೋಡುತ್ತಿದ್ದರು. ಮಂಡಿನೋವಿನ ಅಮ್ಮ ಮೇಲೆ ಹತ್ತುವುದಿಲ್ಲ. ಸರೋಜಾ ಆ ರೂಮಿಗೆ ಕಾಲಿಡುವುದಿಲ್ಲ.

ಹೀಗಿರುವಾಗ ಕಳೆದ ತಿಂಗಳು ಮಗಳು ಸ್ಮಿತಾಳಿಗೆ ಹೆಣ್ಣುಮಗು ಹುಟ್ಟಿತು. ತೊಟ್ಟಿಲಿಗೆ ಹಾಕಿ ಹೆಸರಿಡುವ ಶಾಸ್ತ್ರ ನಮ್ಮ ಮನೆಯಲ್ಲೇ ಎಂದಾಯಿತು. ನಮ್ಮ ಕಡೆ ಮಗುವಿಗಿಂತ ಮೊದಲು ಒರಳಿನಲ್ಲಿ ರುಬ್ಬುವ ಗುಂಡುಕಲ್ಲನ್ನು ತೊಟ್ಟಿಲಿಗೆ ಹಾಕುತ್ತಾರೆ. ಅದಕ್ಕೆ ಎಣ್ಣೆ ಸವರಿ, ನೀರೆರೆದು, ಕುಲಾವಿ ತೊಡಿಸಿ, ಹೆಂಗಸರು ತೊಟ್ಟಿಲಿನ ಮೇಲಿಂದ ಕೆಳಗಿಂದ ಒಬ್ಬರಿಗೊಬ್ಬರು ದಾಟಿಸುತ್ತಾರೆ. ಮಗು ಕಲ್ಲಿನ ಹಾಗೆ ಗಟ್ಟಿಯಾಗಿರಲಿ ಎಂದು. ಶಾಸ್ತ್ರಕ್ಕೆ ಮೂರು ದಿನವಿದೆ ಎನ್ನುವಾಗ ಅಮ್ಮ ಕೇಳಿದಳು, "ಲೋ ಸೀನ, ಹಿತ್ತಲಲ್ಲಿ ಒರಳಿನ ಹತ್ರ ಗುಂಡು ಇತ್ತಲ್ಲ, ತೊಳೆದಿಡೋ. ನೀನೂ ನಿನ್ನ ತಂಗೀರೂ ಸ್ಮಿತಾನೂ ಎಲ್ಲಾ ಅದರ ಹಿಂದೇನೇ ತೊಟ್ಟಿಲು ಹತ್ತಿದ್ದು."

ನಾನು ಸರೋಜಾಳ ಮುಖ ನೋಡಿದೆ. ಸರೋಜಾ ಹಿತ್ತಲಿನ ಸಿಮೆಂಟಿನ ಕಡೆ ನೋಡಿದಳು. ಒರಳು ಕಾರಿನ ಅಡಿಯಲ್ಲಿ ಹೂತುಹೋಗಿತ್ತು. ಗುಂಡು? "ನೀವೇ ತಾನೇ 'ಎಲ್ಲಾ ತಗೊಂಡ್ಹೋಗಿ' ಅಂದಿದ್ದು? ಭಾಯಿ ಟೆಂಪೊದಲ್ಲಿ ಹೋಯ್ತು" ಎಂದು ಪಿಸುಗುಟ್ಟಿದಳು. ಎಂಬತ್ತನಾಲ್ಕು ವರ್ಷದ ಅಮ್ಮನಿಗೆ ಕಣ್ಣು ಮಂಜು, ಕಿವಿ ಮಾತ್ರ ಚುರುಕು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಮಂಚದ ಮೇಲೆ ಗೋಡೆ ಕಡೆ ತಿರುಗಿ ಮಲಗಿದಳು. ಸ್ಮಿತಾ ಮಗುವನ್ನು ಎತ್ತಿಕೊಂಡು ಬಂದು, "ಹೋಗ್ಲಿ ಬಿಡಜ್ಜಿ, ಹೊಸದೊಂದು ತಂದ್ರಾಯ್ತು" ಎಂದಳು. ಅಮ್ಮ ಗೋಡೆಗೇ ಹೇಳಿದಳು, "ಕಲ್ಲು ಯಾವ್ದಾದ್ರೂ ಸಿಗುತ್ತೆ ಕಣಮ್ಮ. ನಾನು ರುಬ್ಬಿದ್ದು ಅದರಲ್ಲೇ." ಆ ರಾತ್ರಿ ಅವಳು ಊಟ ಬೇಡವೆಂದಳು. ಊರವರ ಪೂರ್ವಜರ ಚೂರುಪಾರುಗಳನ್ನೆಲ್ಲ ಹತ್ತಿಯಲ್ಲಿ ಸುತ್ತಿ ಕಾಪಾಡಿದ ನಾನು ನಮ್ಮಮ್ಮನದೊಂದು ಕಲ್ಲನ್ನು ಕಾಯಲಾರದೆ ಹೋದೆನಲ್ಲ ಎಂದು ನನಗೆ ನಿಜವಾಗಿ ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆಯೇ ಮೆಟ್ರೋ ಹತ್ತಿ, ಆಮೇಲೆ ಆಟೋ ಹಿಡಿದು ಶಿವಾಜಿನಗರಕ್ಕೆ ಹೋದೆ. ಭಾಯಿ ಆಗತಾನೇ ಅಂಗಡಿ ತೆರೆದು ಚಹಾ ತರಿಸಿದ್ದರು. "ಭಾಯಿ, ಮೂರು ವರ್ಷದ ಹಿಂದೆ ನಮ್ಮನೆಯಿಂದ ಒಂದು ಗುಂಡುಕಲ್ಲು ತಂದಿದ್ರಲ್ಲ, ಅದು ಯಾರ ಪಾಲಾಯ್ತು? ಎಲ್ಲಿದ್ರೂ ಸರಿ, ಕಾಲಿಗೆ ಬಿದ್ದಾದ್ರೂ ತರ್ತೀನಿ" ಎಂದೆ. ಭಾಯಿ ಚಹಾದ ಗ್ಲಾಸನ್ನು ಕೆಳಗಿಟ್ಟರು. "ಅರೆ, ಏನ್ ಸಾಬ್ ತಮಾಷೆ ಮಾಡ್ತೀರಾ? ಅದನ್ನ ನೀವೇ ವಾಪಸ್ ತಗೊಂಡ್ಹೋದ್ರಲ್ಲ! ಫ್ಯಾನ್ ಕೆಳಗೆ ಇತ್ತು. ಎತ್ಕೊಂಡು ಕಣ್ಣಲ್ಲಿ ನೀರು ಹಾಕ್ಕೊಂಡ್ರಿ. ಅಮ್ಮಾಜಾನ್ ಸಾಮಾನು, ಬಿಟ್ಟಿರೋಕೆ ಆಗ್ಲಿಲ್ಲ, ಪಾಪ ಅಂತ ನಾನು ಕಾಸು ಕೂಡ ತಗೊಳ್ಳಲಿಲ್ಲ" ಎಂದರು. ನಾನು ಹಳೇ ಟಯರಿನ ಮೇಲೆ ಕೂತುಬಿಟ್ಟೆ. ಭಾಯಿ ತಮ್ಮ ಚಹಾವನ್ನೇ ನನ್ನ ಕಡೆ ಸರಿಸಿದರು. ಬೆಲೆ ಗೊತ್ತಿಲ್ಲದವನು ಯಾರು ಎಂದು ಆ ಚಹಾ ಕುಡಿಯುವಷ್ಟರಲ್ಲಿ ನನಗೆ ಸ್ಪಷ್ಟವಾಯಿತು.

ಮನೆಗೆ ಬಂದವನೇ ಬೀರು ತೆಗೆದು, ಕಲ್ಲನ್ನು ಎತ್ತಿಕೊಂಡು ಇಳಿದು, ಅಮ್ಮನ ಮಡಿಲಲ್ಲಿ ಇಟ್ಟೆ. ಅಮ್ಮ ಎರಡು ಕೈಯಲ್ಲೂ ಅದನ್ನು ಸವರಿದಳು. ಐದು ಸಾವಿರ ವರ್ಷದ ನುಣುಪಿಗೆ ಅವಳ ಅಂಗೈ ಬೆಸುಗೆ ಹಾಕಿದಂತೆ ಕೂತಿತು. ನಾನು ಎರಡು ವರ್ಷದಿಂದ ಕಂಡಕಂಡವರಿಗೆಲ್ಲ ಹೇಳುತ್ತಿದ್ದ ಆ ತಾಯಿ ಕೆಳಗಿನ ರೂಮಿನಲ್ಲೇ ಇದ್ದಳು. ಅವಳ ಬೆರಳು ಚಕ್ಕೆ ಹಾರಿದ ಜಾಗದಲ್ಲಿ ನಿಂತಿತು. "ನೋಡೆ ಸ್ಮಿತಾ, ಇಲ್ಲಿ. ನಿಮ್ಮಪ್ಪ ಆರು ವರ್ಷದವನಿದ್ದಾಗ ಬಾದಾಮಿ ಕಾಯಿ ಒಡೀತೀನಿ ಅಂತ ಇದನ್ನ ಮೆಟ್ಟಿಲ ಮೇಲೆ ಎತ್ತಿ ಹಾಕಿ ಹಾಳು ಮಾಡಿದ್ದು. ಎರಡೇಟು ತಿಂದಿದ್ದ." ಆದಿಮಾನವನ ಕೈಗುರುತಿನ ವಿಷಯ ಅಲ್ಲಿಗೆ ಮುಗಿಯಿತು.

ಆದರೂ ಆಸೆ ನೋಡಿ, ಇನ್ನೂ ಬಿಡದು. "ಅಮ್ಮಾ, ಇದು ನಿಮ್ಮತ್ತೇದು ಅಲ್ವಾ? ಅವರಿಗೆ ಅವರತ್ತೆಯಿಂದ ಬಂದಿರ್ಬೇಕು. ಬಹಳ ಹಳೇದೇ ಇರ್ಬೇಕು, ಅಲ್ವಾ?" ಎಂದು ಕೇಳಿದೆ.

"ಎಲ್ಲೀದೋ?" ಎಂದಳು ಅಮ್ಮ. "ಅತ್ತೆ ಗುಂಡು ಮನೆ ಪಾಲಾದಾಗ ನಿಮ್ಮ ಚಿಕ್ಕಪ್ಪನ ಮನೆಗೆ ಹೋಯ್ತು. ಆಗ ನಾವು ಹಲಸೂರಲ್ಲಿ ಬಾಡಿಗೆಗೆ ಇದ್ವಿ. ನೀನು ಹುಟ್ಟಿದ್ಮೇಲೆ ತೊಟ್ಟಿಲಿಗೆ ಹಾಕೋಕೆ ಗುಂಡು ಇಲ್ಲ ಅಂತ ನಿಮ್ಮಪ್ಪ ಕಲ್ಲುಕುಟಿಗನಿಗೆ ಹೇಳಿ ಮಾಡಿಸ್ಕೊಂಡು, ಭುಜದ ಮೇಲೆ ಹೊತ್ಕೊಂಡು ಬಂದ್ರು. ನಿನಗಿಂತ ಹತ್ತು ದಿನಕ್ಕೆ ಚಿಕ್ಕದು ಅದು."

ಶಾಸ್ತ್ರ ಚೆನ್ನಾಗಿ ಆಯಿತು. ಗುಲಾಬಿ ಬಣ್ಣದ ಕುಲಾವಿ ತೊಟ್ಟು ನನ್ನ ನವಶಿಲಾಯುಗ ತೊಟ್ಟಿಲಿನ ಮೇಲೆ ಕೆಳಗೆ ಓಡಾಡಿತು, ಅದರ ಹಿಂದೆ ಮೊಮ್ಮಗಳು ತೊಟ್ಟಿಲೇರಿದಳು. ನಾನು ಕರೆದದ್ದಕ್ಕೆ ಬಂದು ಕೈಮುಗಿದು ನಿಂತ ಅನ್ವರ್ ಭಾಯಿಗೆ ಅಮ್ಮ ಎರಡು ಹೋಳಿಗೆ ಹೆಚ್ಚಿಗೆ ಹಾಕಿಸಿದಳು. ಅದೇ ಕಲ್ಲಿನ ಹಿಂದೆ ಅರವತ್ತೊಂದು ವರ್ಷದ ಹಿಂದೆ ನಾನೂ ಹೀಗೇ ಹೋಗಿದ್ದೆನಲ್ಲ ಎಂದು ಅನ್ನಿಸಿದಾಗ ಕಣ್ಣು ತುಂಬಿತು. ಈ ಸಲ ಯಾರೂ ನನ್ನ ಕಿವಿ ಹಿಂಡಿರಲಿಲ್ಲ.

ಕಲ್ಲು ಈಗ ಅಮ್ಮನ ಮಂಚದ ಪಕ್ಕದಲ್ಲಿದೆ. ಎಲ್ಲರೂ ಅದನ್ನು ಧಾರಾಳವಾಗಿ ಮುಟ್ಟುತ್ತಾರೆ. ಬೀರುವಿನ ನಡುವಿನ ಹಲಗೆ ಖಾಲಿ. ಮೊನ್ನೆ ಸರೋಜಾ ಮೊದಲ ಸಲ ಆ ರೂಮಿಗೆ ಬಂದು ಧೂಳು ಒರೆಸುತ್ತಾ ಅಲ್ಲಿದ್ದ ಚೀಟಿಯನ್ನು ಓದಿದಳು: ನವಶಿಲಾಯುಗ, ಸುಮಾರು ಐದು ಸಾವಿರ ವರ್ಷ ಹಳೆಯದು, ದಯವಿಟ್ಟು ಮುಟ್ಟಬೇಡಿ. "ಅದನ್ನ ಹರಿದು ಹಾಕಿಬಿಡು" ಎಂದೆ ನಾನು, ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಾ.

ಅವಳು ಚೀಟಿಯನ್ನೂ ನನ್ನನ್ನೂ ಒಮ್ಮೆ ನೋಡಿದಳು. "ಇರ್ಲಿ ಬಿಡಿ" ಎಂದಳು. "ಹೇಗೂ ನೀವು ದಿನಾ ಇಲ್ಲೇ ಕೂತಿರ್ತೀರಲ್ಲ."