ಹುಡುಕಿದರೆ ಸಿಗದ ವರ

ಬನಹಟ್ಟಿಯ ನೂಲಿನ ಅಂಗಡಿಯೊಂದರ ಮಾಳಿಗೆಯ ಮೇಲಿದ್ದ ವಧೂವರ ಕೇಂದ್ರದಲ್ಲಿ ಚಿದಾನಂದ ಮಾಡಿದ ತಪ್ಪು ಒಂದೇ. ಕಂಪ್ಯೂಟರಿಗೆ ಕೊಡಬೇಕಾದ ಒಂದು ಆಜ್ಞೆಯನ್ನು ತಡೆದು ಹಿಡಿದ.

ಕೇಂದ್ರದ ವೆಬ್‌ಸೈಟಿಗೆ ಸರ್ಚ್ ಎಂಜಿನ್ ಕೂಡಿಸಿದವನು ಅವನೇ. ಹೊಸ ಹೆಸರು ಬರೆದ ಮಾತ್ರಕ್ಕೆ ಅದು ಹುಡುಕಿದವರಿಗೆ ಸಿಗುತ್ತಿರಲಿಲ್ಲ. ಅವನ ಪ್ರೋಗ್ರಾಮು ಎಂಜಿನ್ನಿಗೆ ‘ಇಂಡೆಕ್ಸ್ ರಿಫ್ರೆಶ್ ಮಾಡು’ ಎಂದು ಹೇಳಿಕಳಿಸಬೇಕು. ಆಗ ಕಾದು ಕುಳಿತ ಹೆಸರುಗಳೆಲ್ಲ ಒಟ್ಟಿಗೇ ಕಾಣುತ್ತಿದ್ದವು, ಅಳಿಸಿದವು ಮರೆಯಾಗುತ್ತಿದ್ದವು.

ಹೋದ ವಾರ ಮುಧೋಳದಿಂದ ಪರಮಾನಂದನೆಂಬ ವರನ ವಿವರ ಬಂತು. ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟ್, ಸ್ವಂತ ಮನೆ, ಮೀಸೆ ಬೇರೆ. ಇವನು ಕಂಡರೆ ತನ್ನ ಕತೆ ಮುಗಿಯಿತು ಎಂದುಕೊಂಡ ಚಿದಾನಂದ. ಮಹಾಲಿಂಗಪುರದ ಬೆಲ್ಲದ ವ್ಯಾಪಾರಿ ಅಣ್ಣಾಸಾಹೇಬರ ಮಗಳು ಗಂಗಾಂಬಿಕಾ ಫೋಟೋ ಕೊಡಲು ಬಂದಾಗ ಅವನೊಡನೆ ನಾಲ್ಕು ಮಾತಾಡಿ ನಕ್ಕು ಹೋಗಿದ್ದಳು. ಅಂದಿನಿಂದ ಅವನಿಗೆ ಊಟ ರುಚಿಸುತ್ತಿರಲಿಲ್ಲ. ಕೆಮಿಸ್ಟನ ಹೆಸರು ಅಳಿಸಿದರೆ ಪಾಪ, ರಿಫ್ರೆಶ್ ತಡವಾದರೆ ಬರೀ ಸೋಮಾರಿತನ ಎಂದು ತನಗೆ ತಾನೇ ತೀರ್ಪು ಕೊಟ್ಟುಕೊಂಡ. ಆ ವಾರ ಬಂದ ಉಳಿದ ವರರ ಹೆಸರುಗಳೂ ಅದರೊಡನೆ ಕಾದು ಕುಳಿತವು.

ನಿನ್ನೆ ಧೈರ್ಯ ಮಾಡಿ ವರರ ಪಟ್ಟಿಯಲ್ಲಿ ತನ್ನ ಹೆಸರನ್ನೂ ಬರೆದ. ಕಾಣಲಿಲ್ಲ. ತನ್ನನ್ನು ತೋರಿಸಬೇಕಾದರೆ ಕೆಮಿಸ್ಟನನ್ನೂ ತೋರಿಸಬೇಕು.

ಇಂದು ಬೆಳಿಗ್ಗೆಯೇ ಕೇಂದ್ರದ ಹಿರಿಯ ಶಿದ್ರಾಮಪ್ಪ ಮೇಲೆ ಬಿದ್ದರು. “ಏನಲೇ ಚಿದ್ಯಾ, ರಬಕವಿಯವ್ರು ಬೈಯಾಕತ್ತಾರ. ಅವರ ಹುಡುಗನ ಹೆಸರೂ ಕೊಟ್ಟು ವಾರಾತು, ಎಲ್ಲೂ ಕಾಣವಲ್ಲ ಅಂತ!”

“ಸರ್ವರ್ ಭಾಳ ಸ್ಲೋ ಐತ್ರಿ ಕಾಕಾ.”

ಗದ್ದಲ ಕೇಳಿ ಕೆಳಗಿನ ಅಂಗಡಿಯ ಕರೆಪ್ಪ ಏದುಸಿರು ಬಿಡುತ್ತ ಹತ್ತಿ ಬಂದ. “ಒಮ್ಮೆ ಆರಿಸಿ ಹಚ್ಚಿದ್ರ ಎಲ್ಲಾ ಬರೋಬರಿ ಆಗತೈತಿ” ಎಂದು ಪ್ಲಗ್ಗನ್ನೇ ಕಿತ್ತ. ಸರ್ವರ್ ಇದ್ದದ್ದು ಬೇರೆಲ್ಲೋ; ಮೇಜಿನ ಮೇಲಿನ ಯಂತ್ರ ಮತ್ತೆ ಎದ್ದು ಕೂರುವ ಹೊತ್ತಿಗೆ ಅಣ್ಣಾಸಾಹೇಬರ ಫೋನು: “ಮಗಳ ಸಂಬಂಧದ ಮಾತು ಐತಿ, ಬರಾಕತ್ತೇನಿ.”

ಮಧ್ಯಾಹ್ನ ಅವರು ಬಂದು ಪಕ್ಕದಲ್ಲೇ ಕೂತರು. “ಸಾಹೇಬ್ರಿಗೆ ಹೊಸಾ ಹುಡುಗರನ್ನ ತೋರಸಲೇ ಚಿದ್ಯಾ” ಎಂದರು ಶಿದ್ರಾಮಪ್ಪ. ಸೋತರೂ ಅವಳ ತಂದೆಯ ಕಣ್ಣಿಗೆ ಒಮ್ಮೆ ಬಿದ್ದು ಸೋಲೋಣ ಎಂದು ಚಿದಾನಂದ ರಿಫ್ರೆಶ್ ಮಾಡಿದ. ಪರದೆಯ ಮೇಲೆ ಅವನೂ ಬಂದ, ಅವನ ಮೇಲೆ ಕೆಮಿಸ್ಟನೂ ಬಂದ.

ಅಣ್ಣಾಸಾಹೇಬರು ಕೆಮಿಸ್ಟನ ಫೋಟೋದ ಮೇಲೆ ಬೆರಳಿಟ್ಟರು. “ಇವರ ನೋಡ್ರಿ ನಮ್ಮ ಅಳಿಯಂದ್ರು.”

“ಯಾವಾಗಾತ್ರಿ? ಈಗಷ್ಟ ಕಂಡಾರಲ್ಲ!” ಎಂದರು ಶಿದ್ರಾಮಪ್ಪ.

“ನಾವೆಲ್ಲಿ ಹುಡುಕೇವ್ರಿ? ಅವರೇ ಇಲ್ಲಿ ಗಂಗಾನ ಹೆಸರು ನೋಡಿ ಮನಿಗೆ ಬಂದ್ರು. ಮೊನ್ನೆ ಗಟ್ಟಿ ಆತು. ಆಕಿ ಹೆಸರು ತಗಸಾಕ ಬಂದೇನಿ.”

ಚಿದಾನಂದ ವಾರವಿಡೀ ವರನನ್ನು ಬಚ್ಚಿಟ್ಟಿದ್ದ. ವರನೂ ವಧುವನ್ನು ಹುಡುಕಬಲ್ಲನೆಂಬುದು ಅವನಿಗೆ ಹೊಳೆದೇ ಇರಲಿಲ್ಲ. ಅವಳ ಹೆಸರನ್ನು ಅಳಿಸಿದ.

“ಇನ್ನೂ ಕಾಣಾಕತ್ತೈತಲ್ಲೋ ತಮ್ಮಾ? ಬೀಗರು ನೋಡಿದ್ರ ಏನ ಅಂದಾರು!”

“ರಿಫ್ರೆಶ್ ಮಾಡಬೇಕ್ರಿ” ಎಂದು ಮಾಡಿದ. ಗಂಗಾಂಬಿಕಾಳ ನಗುಮುಖ ಹೋಯಿತು.

ಅಣ್ಣಾಸಾಹೇಬರು ಅವನ ಬೆನ್ನು ತಟ್ಟಿದರು. “ಶ್ಯಾಣ್ಯಾ ಅದೀಯಪಾ. ಲಗ್ನದ ಫೋಟೋ ಕಂಪ್ಯೂಟರದಾಗ ಹಾಕಾಕ ನೀನ ಬರಬೇಕು, ನೋಡು.”

ಚಿದಾನಂದ ಪರದೆಯಿಂದ ಕಣ್ಣು ತೆಗೆಯದೆ, “ಬರತೇನ್ರಿ” ಎಂದ.