ಅತಿಥಿಗೆ ಪೊರಕೆ ಕೊಡದ ಊರು

ಎಲ್ಲ ರಾದ್ಧಾಂತಕ್ಕೂ ಕಾರಣ ಒಂದು ತೆಂಗಿನಕಡ್ಡಿ ಪೊರಕೆ. ಅದರ ಒಂದು ತುದಿ ಫಿಲೆಮೋನಿ ಮೇಷ್ಟ್ರ ಕೈಯಲ್ಲಿತ್ತು, ಇನ್ನೊಂದು ಊರಿನ ಮಹಿಳಾ ಸಮಿತಿಯ ಯಜಮಾನಿ ಸಿನಾಪಾತಿಯ ಕೈಯಲ್ಲಿ.

"ಬಿಡಿ ಮೇಷ್ಟ್ರೇ! ಅತಿಥಿಗಳ ಕೈಲಿ ಅಂಗಳ ಗುಡಿಸಿಸಿದ್ರು ಅಂತ ಪಕ್ಕದೂರಿನೋರು ನಮ್ಮ ಮುಖಕ್ಕೆ ಉಗೀತಾರೆ."

"ನಾವು ಸೇವೆ ಮಾಡೋಕೆ ಬಂದಿರೋದಮ್ಮ. ಅನುಭವ ಕಲಿಕೆ ಅಂತ..."

"ಕಲೀರಿ, ಯಾರು ಬೇಡ ಅಂದ್ರು? ಮೊದಲು ಊಟ ಮಾಡಿ."

ಹದಿನೆಂಟು ವರ್ಷದಿಂದ ಫಿಲೆಮೋನಿ ಶಾಲೆಯ ಮಕ್ಕಳನ್ನು ಕಟ್ಟಿಕೊಂಡು ಸವಾಯಿ ದ್ವೀಪದ ಊರೂರು ಅಲೆದು ಸಮಾಜಸೇವೆ ಕಲಿಸಿದ್ದರು. ಸೊಂಟ ಬಿದ್ದುಹೋಗಿತ್ತು. ಈಗ ರಾಜಧಾನಿ ಆಪಿಯಾದ ಶಿಕ್ಷಣ ಕಚೇರಿಯಲ್ಲಿ ಒಂದು ಕುರ್ಚಿ ಖಾಲಿಯಾಗಿತ್ತು. ತಲೆಯ ಮೇಲೆ ಫ್ಯಾನಿರುವ ಕುರ್ಚಿ! ಅದು ಸಿಗಬೇಕಾದರೆ ಇವತ್ತು ಅಲ್ಲಿಂದ ತಪಾಸಣೆಗೆ ಬರುವ ಮೇರೀತಾ ಮೇಡಂ, ಮಕ್ಕಳು ಬೆವರು ಸುರಿಸುವುದನ್ನು ಕಣ್ಣಾರೆ ಕಾಣಬೇಕು.

ಮೇಷ್ಟ್ರು ಕರೆತಂದ ಹನ್ನೆರಡು ಮಂದಿ ಹುಡುಗಿಯರು ಬೆವರುತ್ತಿದ್ದದ್ದೇನೋ ನಿಜ, ತಿಂದು ತಿಂದು. ಗೋಡೆಯಿಲ್ಲದ ಮನೆಯ ಚಾಪೆಯ ಮೇಲೆ ಸಾಲಾಗಿ ಕೂತವರ ಮುಂದೆ ಕೆಸುವಿನ ಗೆಡ್ಡೆ, ತೆಂಗಿನಹಾಲಿನಲ್ಲಿ ಬೆಂದ ಸೊಪ್ಪು, ಸುಟ್ಟ ಹಂದಿ ಒಂದರ ಹಿಂದೊಂದು ಬರುತ್ತಲೇ ಇದ್ದವು. ಮೇಷ್ಟ್ರು ಒಬ್ಬಳ ಕೈಗೆ ಬಕೆಟ್ಟು ಕೊಟ್ಟರೆ, ಯಾರೋ ಅದನ್ನು ಕಿತ್ತುಕೊಂಡು ಬೇಯಿಸಿದ ಜೀಗುಜ್ಜೆ ಇಟ್ಟರು.

"ಏಳ್ರೇ, ಮೇಡಂ ಬರೋ ಹೊತ್ತಾಯ್ತು!"

"ಏಳೋಕಾಗ್ತಿಲ್ಲ ಸಾರ್," ಎಂದಳೊಬ್ಬಳು, ದಡಕ್ಕೆ ಬಿದ್ದ ಆಮೆಯಂತೆ ಕೈಕಾಲಾಡಿಸುತ್ತ.

ರಸ್ತೆಯ ಕಡೆಯಿಂದ ಜೀಪಿನ ಸದ್ದು ಕೇಳಿಸಿತು. ಮೇಷ್ಟ್ರಿಗೆ ದಿಕ್ಕೇ ತೋಚಲಿಲ್ಲ. ಅಜ್ಜಿಯ ಕಡೆಯವರು ಯಾರೋ ಈ ಊರಿನಲ್ಲಿದ್ದರೆಂದು ಎಂದೋ ಕೇಳಿದ್ದು ಅರೆಬರೆ ನೆನಪಾಯಿತು.

"ಅಮ್ಮಾ, ನಾನು ಅತಿಥಿಯೇ ಅಲ್ಲ! ನಮ್ಮಜ್ಜಿ ನಿಮ್ಮದೇ ಮನೆತನದೋಳು!"

ಸಿನಾಪಾತಿ ಪೊರಕೆ ಬಿಟ್ಟಳು. ಮುಖ ಅರಳಿತು. ಮರುಕ್ಷಣವೇ ಗಂಟಿಕ್ಕಿತು.

"ನಮ್ಮ ಮನೆಯೋನಾ? ಮತ್ತೆ ಇಷ್ಟೊತ್ತೂ ದೊಡ್ಡ ಸಾಹೇಬನ ಥರ ನಿಂತಿದ್ದೀಯಲ್ಲೋ! ಬಿಚ್ಚು ಅಂಗಿ. ಒಲೆ ಕಡೆ ನಡಿ. ಆ ರಾಶಿ ಪಾತ್ರೆ ಯಾರು, ನಿಮ್ಮಪ್ಪ ತೊಳೀತಾನಾ?"

"ಅಲ್ಲಮ್ಮ, ಮಕ್ಕಳು..."

"ಅವರು ಅತಿಥಿಗಳು ಕಣೋ! ನಾಚಿಕೆ ಆಗಲ್ವಾ?"

ಮೇರೀತಾ ಮೇಡಂ ಬಂದು ನೋಡಿದಾಗ ಹುಡುಗಿಯರು ಕಂಬಕ್ಕೊಬ್ಬರಂತೆ ಒರಗಿ ತೂಕಡಿಸುತ್ತಿದ್ದರು. ಮೇಷ್ಟ್ರು ಲುಂಗಿ ಎತ್ತಿ ಕಟ್ಟಿ, ಮುಖಕ್ಕೆಲ್ಲ ಮಸಿ ಮೆತ್ತಿಕೊಂಡು, ಕೈತೊಳೆಯುವ ನೀರಿನ ಬೋಗುಣಿ ಹಿಡಿದು ತಮ್ಮದೇ ವಿದ್ಯಾರ್ಥಿನಿಯರೆದುರು ಬಗ್ಗಿದ್ದರು.

"ಲೋ, ಮೇಡಮ್ಮಿಗೆ ಕೋಕೋ ತಾರೋ!" ಎಂದು ಒಲೆಯ ಕಡೆಯಿಂದ ಸಿನಾಪಾತಿಯ ಕೂಗು ಬಂತು.

ಮುಗಿಯಿತು ನನ್ನ ಕುರ್ಚಿ ಎಂದುಕೊಂಡರು ಮೇಷ್ಟ್ರು. ಆದರೆ ಮೇಡಂ ಕಣ್ಣು ಒದ್ದೆಯಾಗಿತ್ತು.

"ಫಿಲೆಮೋನಿಯವರೇ, ಮೂವತ್ತು ಶಾಲೆ ನೋಡಿದೀನಿ. ಎಲ್ಲಾ ಕಡೆ ಮಕ್ಕಳು ಬಿಸಿಲಲ್ಲಿ, ಮೇಷ್ಟ್ರು ನೆರಳಲ್ಲಿ. ತಾವೇ ಮಾಡಿ ತೋರಿಸೋರನ್ನ ಇವತ್ತೇ ನೋಡಿದ್ದು! ಆ ಕುರ್ಚಿಗೆ ನಿಮ್ಮ ಹೆಸರು ಬರ್ಕೊಂಡೇ ಬಂದಿದ್ದೆ."

ಮೇಷ್ಟ್ರ ಬೋಗುಣಿ ಸಂತೋಷಕ್ಕೆ ತುಳುಕಿತು.

"ಈಗ ಅದನ್ನ ಹೊಡೆದುಹಾಕ್ತಿದೀನಿ. ಇಂಥೋರನ್ನ ಫ್ಯಾನಿನ ಕೆಳಗೆ ಕೂರಿಸೋದು ಪಾಪ. ನಿವೃತ್ತಿಯಾಗೋ ತನಕ ನೀವು ಹಳ್ಳಿಗಳಲ್ಲೇ ಇರಬೇಕು."

"ಇರದೆ ಎಲ್ಲಿ ಹೋಗ್ತಾನೆ ಮೇಡಂ?" ಎಂದಳು ಸಿನಾಪಾತಿ, ಮೇಷ್ಟ್ರ ಬೆನ್ನಿಗೊಂದು ಗುದ್ದು ಕೊಟ್ಟು. "ಶನಿವಾರ ನಮ್ಮನೇಲಿ ಮದುವೆ. ಮುನ್ನೂರು ಜನ ಅತಿಥಿಗಳು. ಲೋ, ಏನು ನೋಡ್ತಾ ನಿಂತೆ? ಲೋಟ ಎತ್ತು!"